ಅಟ್ಟದ ಮ್ಯಾಲಿನ ಹಳೇ ಆಟಿಕೆ ಗೂಡ್ಸ್ ಡಬ್ಬಿ: ಗುಜರಿಗೆ ಹಾಕೋ ಮುಂಚೆ ಇಷ್ಟು ತಿಳ್ಕೊಳ್ರಿ

ಮಂಗಳೂರು (ಕುಕನೂರು ತಾ.): ಮನೆಗೆ ಸುಣ್ಣ-ಬಣ್ಣ ಹಚ್ಚಲು ಅಟ್ಟ ಖಾಲಿ ಮಾಡಿದಾಗ, ಅಂಗಡಿಯ ಗೋಡೌನ್ ತೆರವು ಮಾಡಿದಾಗ ಹಳೇ ಆಟದ ರೈಲಿನ ಒಂದೆರಡು ಡಬ್ಬಿ ಸಿಗುವುದುಂಟು. ಎಂಜಿನ್ ಇರುವುದಿಲ್ಲ, ಹಳಿ ಇರುವುದಿಲ್ಲ, ಒಂದು ಗಾಲಿ ಕಳಚಿ ಬಿದ್ದಿರುತ್ತದೆ. ತಗಡಿನದಾಗಿದ್ದರೆ ಗುಜರಿಯವರ ತಕ್ಕಡಿಗೆ, ಪ್ಲಾಸ್ಟಿಕ್ಕಿನದಾಗಿದ್ದರೆ ಕಸದ ಗಾಡಿಗೆ ಹೋಗುತ್ತದೆ. ಅಲ್ಲಿಂದ ಪಾರಾದರೆ ಮನೆ ಮಂದಿಯೇ ಒಂದು ಡಬ್ಬಿ ಎನಾಮೆಲ್ ತಂದು ಬಳಿದು 'ಹೊಸದು' ಮಾಡಿಬಿಡ್ತಾರ.

ಗುಜರಿಗೆ ಹಾಕಿದರೂ ಹಾನಿ, ಬಣ್ಣ ಬಳಿದರೂ ಹಾನಿ. ಹಳೇ ಮಾದರಿ ಡಬ್ಬಿಯ ಬೆಲೆ ಇರೋದು ಅದರ ಮೂಲ ಬಣ್ಣ, ಮೂಲ ಅಕ್ಷರ, ಮೂಲ ಗಾಲಿಗಳಲ್ಲಿ. ಅವು ಹೋದರೆ ಉಳಿಯೋದು ಬರೀ ತಗಡು. ಇಂಥ ಡಬ್ಬಿ ಕೈಗೆ ಸಿಕ್ಕಾಗ ಏನು ಮಾಡಬೇಕು, ಏನು ಮಾಡಬಾರದು ಅನ್ನೋ ಮಾಹಿತಿ ಇಲ್ಲಿದೆ. ಖರ್ಚು ಬಾಳ ಇಲ್ಲ. ಬೇಕಾದ ಸಾಮಾನುಗಳಲ್ಲಿ ಹೆಚ್ಚಿನವು ತಾಲ್ಲೂಕಿನ ಅಂಗಡಿಗಳಲ್ಲೇ ಸಿಗುತ್ತವೆ.

ನಮಗ್ಯಾಕೆ ಇದು?

ಕೊಪ್ಪಳದ ಮೇಲೆ ಹಾದುಹೋಗುವ ಗದಗ–ಹೊಸಪೇಟೆ–ಬಳ್ಳಾರಿ ರೈಲು ಮಾರ್ಗ ಹುಟ್ಟಿದ್ದೇ ಗೂಡ್ಸ್ ಡಬ್ಬಿಗಾಗಿ ಅಂದರೆ ತಪ್ಪಿಲ್ಲ. 1876–78ರ ದೊಡ್ಡ ಬರದಲ್ಲಿ ಈ ಭಾಗದ ಜನ ಕಾಳಿಲ್ಲದೆ ಸತ್ತರು. ಬೇರೆ ಕಡೆ ಕಾಳಿದ್ದರೂ ತರಲು ದಾರಿ ಇರಲಿಲ್ಲ. ಮುಂದೆ ಬರ ಬಂದರೆ ಧಾನ್ಯ ಸಾಗಿಸಲು ಅನುಕೂಲ ಆಗಲಿ ಅಂತ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ರಚನೆಯಾಯಿತು. ಅದೇ ದಶಕದಲ್ಲಿ ಈ ಸೀಮೆಗೆ ಮೀಟರ್ ಗೇಜ್ ಹಳಿ ಬಿತ್ತು. ಎರಡು ಹಳಿಗಳ ನಡುವಿನ ಅಂತರ ಬರೋಬ್ಬರಿ 1,000 ಮಿ.ಮೀ.

1990ರ ದಶಕದಲ್ಲಿ ಈ ಮಾರ್ಗ ಬ್ರಾಡ್ ಗೇಜ್ ಆಯಿತು. ಅಂತರ 1,676 ಮಿ.ಮೀ.ಗೆ ಏರಿತು. ಹಳೇ ಸಣ್ಣ ಡಬ್ಬಿಗಳು ಹೊಸ ಹಳಿ ಮೇಲೆ ಓಡಂಗಿಲ್ಲ, ಹಿಂಗಾಗಿ ಅವು ಈ ಮಾರ್ಗದಿಂದ ಮರೆಯಾದವು. ಕೊಪ್ಪಳ, ಭಾನಾಪುರ, ಗಿಣಿಗೇರಾ, ಮುನಿರಾಬಾದ್ ಸ್ಟೇಶನ್‌ಗಳಲ್ಲಿ ನಾಲ್ಕು ಗಾಲಿಯ ಆ ಸಣ್ಣ ಡಬ್ಬಿ ನೋಡಿದವರಿಗೆ ಈಗ ವಯಸ್ಸಾಗಿದೆ. ಇನ್ನೊಂದು ಕಡೆ, ಗಂಗಾವತಿಗೆ 2019ರಲ್ಲಿ, ಕುಷ್ಟಗಿಗೆ 2025ರಲ್ಲಿ ರೈಲು ಬಂತು. ಯಲಬುರ್ಗಾ, ಕುಕನೂರು ಕಡೆಯ ಹುಡುಗರಿಗೆ ರೈಲು ಈಗ ಊರ ಹತ್ತಿರದ ವಸ್ತು. ಆದರೆ ಅವರು ನೋಡುತ್ತಿರೋದು ಹೊಸ ರೈಲು ಮಾತ್ರ. ಹಳೇ ಗೂಡ್ಸ್ ಡಬ್ಬಿ ಹೆಂಗಿತ್ತು ಅಂತ ಕೈಯಲ್ಲಿ ಹಿಡಿದು ತೋರಿಸಲು ಉಳಿದಿರೋದು ಫೋಟೋ, ಮ್ಯೂಸಿಯಂ, ಮತ್ತು ಇಂಥ ಮಾದರಿಗಳು.

ಅಟ್ಟದ ಮೇಲೆ ಸಿಗುವ ಮಾದರಿ ನಮ್ಮ ಮಾರ್ಗದ್ದೇ ಆಗಿರುತ್ತದೆ ಅಂತ ಅಲ್ಲ. ಹೆಚ್ಚಿನವು ಇಂಗ್ಲೆಂಡ್, ಜರ್ಮನಿ, ಇಟಲಿ, ಅಮೆರಿಕದ ಕಂಪನಿಗಳವು. ಆದರೂ ಮುಚ್ಚಿದ ಡಬ್ಬಿ, ತೆರೆದ ಡಬ್ಬಿ, ಟ್ಯಾಂಕರ್, ಕೊನೆಯಲ್ಲಿ ಗಾರ್ಡ್ ಕೂಡುವ ಬ್ರೇಕ್ ವ್ಯಾನ್, ಈ ಜಾತಿಗಳು ಎಲ್ಲ ದೇಶಗಳಲ್ಲೂ ಒಂದೇ.

ಬೋಗಿ ಅಂದ್ರ ಯಾವುದು?

ನಮ್ಮ ಕಡೆ ಇಡೀ ಡಬ್ಬಿಗೇ 'ಬೋಗಿ' ಅಂತಾರ. ರೈಲ್ವೆ ಲೆಕ್ಕದಲ್ಲಿ ಬೋಗಿ ಅಂದರೆ ಡಬ್ಬಿಯ ಕೆಳಗೆ ತಿರುಗುವ, ಸಾಮಾನ್ಯವಾಗಿ ನಾಲ್ಕು ಗಾಲಿ ಇರುವ ಚೌಕಟ್ಟು ಮಾತ್ರ. ಒಂದು ಡಬ್ಬಿಗೆ ಅಂಥವು ಎರಡಿರುತ್ತವೆ. ಬೋಗಿ ಇಲ್ಲದೆ ನೇರ ನಾಲ್ಕೇ ಗಾಲಿ ಇರುವ ಡಬ್ಬಿ ಹಳೇ ಕಾಲದ್ದು. ಈ ಲೇಖನದಲ್ಲಿ 'ಡಬ್ಬಿ' ಅಂದರೆ ಇಡೀ ವ್ಯಾಗನ್, 'ಬೋಗಿ' ಅಂದರೆ ಕೆಳಗಿನ ಚೌಕಟ್ಟು.

ಮೊದಲ ಗುರುತು: ಅಯಸ್ಕಾಂತ ಮತ್ತು ಸ್ಕೇಲ್

ಸಿಕ್ಕ ಡಬ್ಬಿ ಯಾವುದರಿಂದ ಮಾಡಿದ್ದು ಅಂತ ಮೊದಲು ನೋಡಬೇಕು. ಒಂದು ಸಣ್ಣ ಅಯಸ್ಕಾಂತ ಸಾಕು.

* ಅಯಸ್ಕಾಂತ ಗಟ್ಟಿ ಹಿಡಿದರೆ ತಗಡು. ಚಪ್ಪಟೆ ತಗಡಿನ ಮೇಲೆ ಮೊದಲೇ ಬಣ್ಣ ಅಚ್ಚು ಹಾಕಿ, ಆಮೇಲೆ ಮಡಚಿ ಮಾಡಿದ್ದು ಅಥವಾ ಮಡಚಿದ ಮೇಲೆ ಬಣ್ಣ ಹೊಡೆದದ್ದು.
* ಹಿಡಿಯದಿದ್ದು, ಕೈಗೆ ಭಾರ ಇದ್ದರೆ ಅಚ್ಚಿಗೆ ಎರಕ ಹೊಯ್ದ ಸತುವಿನ ಮಿಶ್ರಲೋಹ ಇರಬಹುದು.
* ಹಗುರ ಇದ್ದರೆ ಪ್ಲಾಸ್ಟಿಕ್ ಅಥವಾ ಕಟ್ಟಿಗೆ. ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ತೂಕಕ್ಕೆ ಕಬ್ಬಿಣದ ಪಟ್ಟಿ ಇಟ್ಟಿರುತ್ತಾರೆ. ಅಯಸ್ಕಾಂತ ತಳದಲ್ಲಿ ಮಾತ್ರ ಹಿಡಿದರೆ ಅದು ಆ ಪಟ್ಟಿ.

ಆಮೇಲೆ ಅಳತೆ. ಹಳಿ ಇದ್ದರೆ ಎರಡು ಹಳಿಗಳ ಒಳಮೈ ನಡುವಿನ ಅಂತರ ಅಳೆಯಿರಿ.

* 32 ಮಿ.ಮೀ.: 'ಓ' ಗೇಜ್. ಹಳೇ ಕೀಲಿ ಕೊಡುವ ತಗಡಿನ ರೈಲುಗಳಲ್ಲಿ ಬಾಳ ಕಾಣುವ ಅಳತೆ.
* 16.5 ಮಿ.ಮೀ.: 'ಎಚ್‌ಓ' ಮತ್ತು 'ಓಓ'. ಜಗತ್ತಿನಲ್ಲಿ ಹೆಚ್ಚು ಚಾಲ್ತಿಯಲ್ಲಿರೋದು ಇದೇ.
* 12 ಮಿ.ಮೀ.: 'ಟಿಟಿ'. ಎಚ್‌ಓ ಅಳತೆಯಲ್ಲಿ ಮೀಟರ್ ಗೇಜ್ ತೋರಿಸಲೂ ಇದೇ ಹಳಿ ಬಳಸುತ್ತಾರೆ.
* 9 ಮಿ.ಮೀ.: 'ಎನ್' ಗೇಜ್.

ಹಳಿ ಇಲ್ಲದಿದ್ದರೆ ಒಂದೇ ಅಚ್ಚಿನ ಎರಡು ಗಾಲಿಗಳ ಒಳಮೈ ನಡುವೆ ಅಳೆಯಬೇಕು. ಎಚ್‌ಓ ಗಾಲಿಗಳಲ್ಲಿ ಅದು ಸುಮಾರು 14.4 ಮಿ.ಮೀ. ಬರುತ್ತದೆ. ಲೇತ್ ಅಂಗಡಿಯವರ ಹತ್ತಿರ ವರ್ನಿಯರ್ ಇರ್ತದ, ಅರ್ಧ ನಿಮಿಷದ ಕೆಲಸ.

ಎಚ್‌ಓ ಅಂದರೆ 87 ಪಟ್ಟು ಸಣ್ಣದು. 16.5 ಮಿ.ಮೀ.ಯನ್ನು 87ರಿಂದ ಗುಣಿಸಿದರೆ 1,435 ಮಿ.ಮೀ. ಬರುತ್ತದೆ. ಅದು ಯುರೋಪ್, ಅಮೆರಿಕದ ಹಳಿ ಅಂತರ. ನಮ್ಮ ಬ್ರಾಡ್ ಗೇಜ್‌ಗೆ ಸರಿಯಾಗಬೇಕಂದ್ರ ಮಾದರಿ ಹಳಿ 19 ಮಿ.ಮೀ.ಗಿಂತ ಸ್ವಲ್ಪ ಹೆಚ್ಚಿರಬೇಕು. ಅದಕ್ಕೇ ಭಾರತೀಯ ಡಬ್ಬಿಯ ಮಾದರಿಯನ್ನು 16.5ರ ಹಳಿ ಮೇಲೆ ನಿಲ್ಲಿಸಿದರೆ ಕಾಲು ಕೂಡಿಸಿ ನಿಂತಂಗ ಕಾಣ್ತದ.

ಅಕ್ಷರ ಓದಿದರೆ ವಯಸ್ಸು ತಿಳಿತದ

ಡಬ್ಬಿಯನ್ನು ತಿರುವಿ ಹಾಕಿ ತಳ ನೋಡಿ. ಕಂಪನಿ ಹೆಸರು, ದೇಶದ ಹೆಸರು ಅಲ್ಲಿರುತ್ತದೆ. ಹಾರ್ನ್‌ಬಿ ರೈಲುಗಳನ್ನು ಲಿವರ್‌ಪೂಲ್‌ನ ಮೆಕ್ಯಾನೊ ಕಂಪನಿ 1920ರಿಂದ ಮಾರಿತು. ಅದರ ಸಣ್ಣ ಅಳತೆಯ 'ಡಬ್ಲೊ' ಸರಣಿ 1938ರಲ್ಲಿ ಬಂತು. ಜರ್ಮನಿಯ ಮಾರ್ಕ್ಲಿನ್, ಅಮೆರಿಕದ ಲಯೊನೆಲ್, ಇಟಲಿಯ ಲಿಮಾ ಕೂಡ ಸಿಗಬಹುದಾದ ಹೆಸರುಗಳು.

ಪಕ್ಕದ ಮೇಲಿನ ಅಕ್ಷರಗಳೂ ಸಾಕ್ಷಿ. ಇಂಗ್ಲೆಂಡಿನಲ್ಲಿ 1923ರಲ್ಲಿ ಹತ್ತಾರು ಕಂಪನಿಗಳನ್ನು ಕೂಡಿಸಿ ನಾಲ್ಕು ಮಾಡಿದರು, 1948ರಲ್ಲಿ ಆ ನಾಲ್ಕೂ ಸರ್ಕಾರದ ಪಾಲಾದವು. 'ಎಲ್‌ಎಂಎಸ್' ಅಂತ ಬರೆದ ಡಬ್ಬಿ ಆ ನಡುವಿನ ಕಾಲದ ವೇಷ ಹಾಕಿಕೊಂಡಿದೆ ಅಂತ ಅರ್ಥ. ಮಾದರಿ ತಯಾರಾದ ವರ್ಷ ಅದಾದ ಮೇಲಿನದೂ ಇರಬಹುದು.

ನಮ್ಮ ಮಾರ್ಗದ ದೊಡ್ಡ ಡಬ್ಬಿಗಳ ಮೇಲೂ ಹಿಂಗೇ ಅಕ್ಷರ ಬದಲಾದವು. 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, 1951ರಲ್ಲಿ ದಕ್ಷಿಣ ರೈಲ್ವೆ, 1966ರಿಂದ ದಕ್ಷಿಣ ಮಧ್ಯ ರೈಲ್ವೆ, 2003ರಿಂದ ನೈರುತ್ಯ ರೈಲ್ವೆ. ಭಾರತೀಯ ರೈಲ್ವೆಯಲ್ಲಿ ಮೀಟರ್ ಗೇಜ್ ಡಬ್ಬಿಯ ಸಂಕೇತಕ್ಕೆ ಮುಂದೆ 'ಎಂ' ಅಕ್ಷರ ಸೇರಿಸುತ್ತಿದ್ದರು. ಖಾಲಿ ತೂಕ, ಹೊರುವ ತೂಕ, ಮುಂದಿನ ದುರಸ್ತಿ ತಾರೀಖು ಎಲ್ಲವೂ ಪಕ್ಕದಲ್ಲೇ ಬರೆದಿರುತ್ತಿತ್ತು. ಇವತ್ತಿಗೂ ಗೂಡ್ಸ್ ಡಬ್ಬಿ ನಿಂತಾಗ ಇದನ್ನ ಓದಬಹುದು.

ಇದಕ್ಕೇ ಅಕ್ಷರಗಳ ಮೇಲೆ ಬಣ್ಣ ಬಳಿಯಬ್ಯಾಡ್ರಿ ಅನ್ನೋದು. ಅಕ್ಷರ ಹೋದರೆ ಡಬ್ಬಿಯ ಜಾತಕವೇ ಹೋದಂಗ.

ಕೈ ಹಚ್ಚೋ ಮುಂಚೆ

1. ಎಲ್ಲ ಮಗ್ಗಲಿನಿಂದ ಮೊಬೈಲ್‌ನಲ್ಲಿ ಫೋಟೋ ತೆಗೀರಿ. ತಳದ್ದು, ಕೊಂಡಿಯದ್ದು ಬಿಡಬ್ಯಾಡ್ರಿ.
2. ಡಬ್ಬಿ ಸಿಕ್ಕ ಜಾಗದಲ್ಲೇ ಇನ್ನೊಮ್ಮೆ ಹುಡುಕಿ. ಸಣ್ಣ ಏಣಿ, ಬ್ರೇಕ್ ಚಕ್ರ, ಕೊಂಡಿ, ಸ್ಕ್ರೂ ಅಲ್ಲೇ ಧೂಳಿನಲ್ಲಿ ಬಿದ್ದಿರುತ್ತವೆ. ಕಸ ಗುಡಿಸಿ ಚೆಲ್ಲಿದ ಮೇಲೆ ಸಿಗೋದಿಲ್ಲ.
3. ಸಿಕ್ಕ ತುಂಡುಗಳನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಯಾವ ಡಬ್ಬಿಯದು ಅಂತ ಚೀಟಿ ಇಡಿ.
4. ಹಳೇ ರಟ್ಟಿನ ಪೆಟ್ಟಿಗೆ ಹರಿದಿದ್ದರೂ ಒಗೀಬ್ಯಾಡ್ರಿ. ಸಂಗ್ರಹಕಾರರು ಡಬ್ಬಿಯಷ್ಟೇ ಪೆಟ್ಟಿಗೆಯನ್ನೂ ಕೇಳುತ್ತಾರೆ.
5. ಸೆಟ್ ಜೊತೆ ಟ್ರಾನ್ಸ್‌ಫಾರ್ಮರ್ ಇದ್ದರೆ ಪ್ಲಗ್‌ಗೆ ಹಾಕಬ್ಯಾಡ್ರಿ. ಅಮೆರಿಕದ್ದು 120 ವೋಲ್ಟ್‌ಗೆ ಮಾಡಿದ್ದು, ನಮ್ಮ ಮನೆಯ ಕರೆಂಟು 230. ಹಾಕಿದರೆ ಸುಡುತ್ತದೆ. ಹಳೇದಾದರೆ ವೈರಿನ ಮೇಲಿನ ರಬ್ಬರ್ ಬಿರಿದು ಶಾಕ್ ಹೊಡೆಯುವ ಅಪಾಯವೂ ಇದೆ. ಎಲೆಕ್ಟ್ರಿಷಿಯನ್‌ಗೆ ತೋರಿಸದೆ ಮುಟ್ಟಬೇಡಿ.

ಧೂಳು ತೆಗೆಯೋದು

ಮೊದಲು ಒಣ ಬ್ರಷ್. ಮೆತ್ತನೆಯ ಪೇಂಟಿಂಗ್ ಬ್ರಷ್‌ನಿಂದ ಮೇಲಿಂದ ಕೆಳಗೆ ಧೂಳು ಇಳಿಸಬೇಕು. ಒರಟು ಬಟ್ಟೆಯಿಂದ ಉಜ್ಜಿದರೆ ಧೂಳಿನ ಕಣಗಳೇ ಬಣ್ಣ ಗೀಚುತ್ತವೆ. ಎಷ್ಟೋ ಡಬ್ಬಿಗಳಿಗೆ ಇಷ್ಟೇ ಸಾಕು.

ಪ್ಲಾಸ್ಟಿಕ್ ಡಬ್ಬಿಗೆ ಜಿಡ್ಡು ಹಿಡಿದಿದ್ದರೆ ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಗಾಲಿ, ಬೋಗಿ, ತಳದ ಕಬ್ಬಿಣದ ಪಟ್ಟಿ ಬಿಚ್ಚಿಟ್ಟ ಮೇಲೆ ಮೈ ಮಾತ್ರ ತೊಳೆಯಬೇಕು. ಕಾಗದದ ಚೀಟಿ ಅಥವಾ ಅಂಟಿಸಿದ ಅಕ್ಷರ ಇದ್ದರೆ ಅಲ್ಲಿ ನೀರು ತಾಗಿಸಬೇಡಿ. ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಬೇಡ.

ತಗಡಿನ ಡಬ್ಬಿಯನ್ನು ನೀರಿನಲ್ಲಿ ಅದ್ದಲೇಬಾರದು. ಮಡಿಕೆಯೊಳಗೆ ನೀರು ನಿಂತರೆ ಒಳಗಿಂದ ತುಕ್ಕು ಶುರುವಾಗುತ್ತದೆ. ಹತ್ತಿ ಕಡ್ಡಿಗೆ ಸ್ವಲ್ಪ ನೀರು ಮುಟ್ಟಿಸಿ, ತಳದ ಕಾಣದ ಜಾಗದಲ್ಲಿ ಮೊದಲು ಪರೀಕ್ಷೆ ಮಾಡಿ. ಕಡ್ಡಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ.

ಬಳಸಲೇಬಾರದವು: ಥಿನ್ನರ್, ಪೆಟ್ರೋಲ್, ಸೀಮೆಎಣ್ಣೆ, ನೇಲ್ ಪಾಲಿಶ್ ರಿಮೂವರ್. ಇವುಗಳಲ್ಲಿ ಕೆಲವು ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ, ಕೆಲವು ಸಣ್ಣ ಬಿರುಕು ಬಿಡಿಸುತ್ತವೆ, ಅಚ್ಚಿನ ಬಣ್ಣವನ್ನೂ ತೆಗೆಯುತ್ತವೆ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಲೋಹದ ಗಾಲಿಗೆ ಒಳ್ಳೇದು. ಬಣ್ಣ ಇರುವ ಮೈಗೆ ಬೇಡ, ಬಣ್ಣ ಎದ್ದು ಬರುತ್ತದೆ.

ತುಕ್ಕು ಹಿಡಿದಿದ್ದರೆ

ತಗಡಿನ ಮೇಲೆ ಚುಕ್ಕಿ ತುಕ್ಕು ಕಂಡಾಗ ಸ್ಯಾಂಡ್ ಪೇಪರ್ ತಗೋಬ್ಯಾಡ್ರಿ. ತುಕ್ಕಿನ ಜೊತೆ ಸುತ್ತಲಿನ ಬಣ್ಣವೂ ಹೋಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಹತ್ತಿ ಕಡ್ಡಿಗೆ ಹಾಕಿ ತುಕ್ಕಿನ ಮೇಲೆ ಮಾತ್ರ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಬೇಕು. ಪುಡಿಯಾದ ತುಕ್ಕು ಬರುತ್ತದೆ, ಕಲೆ ಉಳಿಯುತ್ತದೆ. ಉಳಿಯಲಿ. ಗುರಿ ಕಲೆ ತೆಗೆಯೋದಲ್ಲ, ತುಕ್ಕು ಬೆಳೆಯದಂಗ ತಡೆಯೋದು.

ತಗಡಿನ ಡಬ್ಬಿಯ ಭಾಗಗಳನ್ನು ಸಣ್ಣ ಕಿವಿಗಳನ್ನು ಮಡಚಿ ಜೋಡಿಸಿರುತ್ತಾರೆ. ಕಿವಿ ಒಮ್ಮೆ ಬಿಚ್ಚಿ ಮತ್ತೆ ಮಡಚಿದರೆ ಸಡಿಲಾಗುತ್ತದೆ, ಎರಡು ಮೂರು ಸಲ ಮಾಡಿದರೆ ಮುರಿದು ಕೈಗೆ ಬರುತ್ತದೆ. ಬಿಚ್ಚದೆ ನಡೀತದ ಅಂದ್ರ ಬಿಚ್ಚಲೇಬ್ಯಾಡ್ರಿ.

ಗಾಲಿ, ಅಚ್ಚು, ಕೊಂಡಿ

ಡಬ್ಬಿ ಓಡದಿರೋದಕ್ಕೆ ಹತ್ತರಲ್ಲಿ ಎಂಟು ಸಲ ಕಾರಣ ಕೊಳೆ. ಹಳೇ ಎಣ್ಣೆ, ಕೂದಲು, ಚಾಪೆಯ ದಾರ ಅಚ್ಚಿಗೆ ಸುತ್ತಿಕೊಂಡಿರುತ್ತವೆ. ಚಿಮಟದಿಂದ ದಾರ ಎಳೆದು ತೆಗೆಯಿರಿ. ಗಾಲಿಯ ಮೇಲಿನ ಕಪ್ಪು ಪದರವನ್ನು ಹಲ್ಲುಕಡ್ಡಿಯಿಂದ ಕೆರೆದು ತೆಗೆಯಬಹುದು. ಬ್ಲೇಡ್ ಬೇಡ, ಗಾಲಿಗೆ ಗೀರು ಬಿದ್ದರೆ ಕೊಳೆ ಇನ್ನೂ ಬೇಗ ಹಿಡಿಯುತ್ತದೆ.

ತಗಡಿನ ಡಬ್ಬಿಯ ಲೋಹದ ಅಚ್ಚಿಗೆ ಹೊಲಿಗೆ ಯಂತ್ರದ ಎಣ್ಣೆ ಸೂಜಿ ತುದಿಯಷ್ಟು ಸಾಕು. ಎಚ್‌ಓ ಡಬ್ಬಿಗಳಲ್ಲಿ ಅಚ್ಚಿನ ತುದಿ ಸೂಜಿಯಂಗ ಚೂಪಾಗಿದ್ದು ಪ್ಲಾಸ್ಟಿಕ್ ಕುಳಿಯಲ್ಲಿ ಕೂಡುತ್ತದೆ. ಅದಕ್ಕೆ ಎಣ್ಣೆ ಹಾಕಿದರೆ ಧೂಳು ಹಿಡಿದು ಮತ್ತೆ ಜಾಮ್ ಆಗುತ್ತದೆ. ಬೇಕೇ ಬೇಕಂದ್ರ ಬೀಗಕ್ಕೆ ಹಾಕುವ ಗ್ರಾಫೈಟ್ ಪುಡಿ ಚಿಟಿಕೆಯಷ್ಟು.

ಪರೀಕ್ಷೆ ಸರಳ. ಒಂದು ಹಲಗೆಯ ತುದಿಗೆ ಪುಸ್ತಕ ಇಟ್ಟು ಸ್ವಲ್ಪ ಇಳಿಜಾರು ಮಾಡಿ ಡಬ್ಬಿ ಬಿಡಿ. ನೇರವಾಗಿ ಉರುಳಿದರೆ ಸರಿ. ಒಂದು ಕಡೆ ಎಳೆದರೆ ಅಚ್ಚು ಬಾಗಿದೆ ಅಥವಾ ಗಾಲಿ ಜರುಗಿದೆ.

ಕೊಂಡಿಗಳು ಕಂಪನಿಗೊಂದು ತರಹ. ಇಂಗ್ಲೆಂಡಿನವಕ್ಕೆ ಅಗಲ ಪಟ್ಟಿ ಮತ್ತು ಕೊಕ್ಕೆ, ಹಳೇ ಅಮೆರಿಕದ ಎಚ್‌ಓ ಡಬ್ಬಿಗಳಿಗೆ ಕೊಂಬಿನಂಥ ಪ್ಲಾಸ್ಟಿಕ್ ಕೊಕ್ಕೆ, ಆಮೇಲಿನವಕ್ಕೆ ಕೈಬೆರಳು ಮಡಚಿದಂಗ ಕೂಡುವ ಕೊಂಡಿ. ಬೇರೆ ಬೇರೆ ಜಾತಿಯವು ಒಂದಕ್ಕೊಂದು ಕೂಡಂಗಿಲ್ಲ. ಓಡಿಸುವ ಆಸೆಗೆ ಕೊಂಡಿ ಬದಲಿಸಿದರೆ ಹಳೇದನ್ನ ಒಗೀದೆ ಡಬ್ಬಿಯ ಚೀಲದಲ್ಲೇ ಇಡಿ. ಮುಂದೆ ಯಾರಾದರೂ ಮೂಲ ರೂಪಕ್ಕೆ ತರಬೇಕಂದ್ರ ಬೇಕಾಗುತ್ತದೆ.

ತೂಕದ ಲೆಕ್ಕ

ಪ್ಲಾಸ್ಟಿಕ್ ಡಬ್ಬಿ ಪದೇ ಪದೇ ಹಳಿ ತಪ್ಪಿದರೆ ತೂಕ ಕಡಿಮೆ ಇರಬಹುದು. ಅಮೆರಿಕದ ಮಾದರಿ ರೈಲು ಸಂಘ ಎಚ್‌ಓ ಡಬ್ಬಿಗೆ ಒಂದು ಲೆಕ್ಕ ಹೇಳಿದೆ: ಒಂದು ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನಮ್ಮ ಲೆಕ್ಕದಲ್ಲಿ ಸುಮಾರು 28 ಗ್ರಾಂ, ಜೊತೆಗೆ ಪ್ರತಿ ಸೆಂಟಿಮೀಟರ್‌ಗೆ 5.6 ಗ್ರಾಂ. ಡಬ್ಬಿ 15 ಸೆಂ.ಮೀ. ಇದ್ದರೆ 28 ಮತ್ತು 84, ಒಟ್ಟು 112 ಗ್ರಾಂ.

ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, ಕಡಿಮೆ ಬಿದ್ದಷ್ಟು ಕಬ್ಬಿಣದ ವಾಷರ್ ಅಥವಾ ನಟ್‌ಗಳನ್ನು ಒಳಗೆ, ತಳದ ನಡುಮಧ್ಯಕ್ಕೆ ಅಂಟಿಸಬಹುದು. ಸೀಸದ ತುಂಡು ಹಾಕಬ್ಯಾಡ್ರಿ. ಹುಡುಗರು ಮುಟ್ಟುವ ವಸ್ತು.

ಮುರಿದದ್ದು ಅಂಟಿಸುವಾಗ

* ಕಟ್ಟಿಗೆಗೆ ಬಡಗಿಗಳು ಬಳಸುವ ಬಿಳಿ ಅಂಟು ಸಾಕು.
* ಗಟ್ಟಿ ಪ್ಲಾಸ್ಟಿಕ್‌ಗೆ ಮಾದರಿ ಕಟ್ಟುವವರು ಬಳಸುವ ಸಿಮೆಂಟ್ ಸಿಗುತ್ತದೆ. ಅದು ಎರಡೂ ಅಂಚನ್ನು ಸ್ವಲ್ಪ ಕರಗಿಸಿ ಒಂದಾಗಿಸುತ್ತದೆ. ಬ್ರಷ್ ತುದಿಯಿಂದ ಹಚ್ಚಬೇಕು, ಸುರಿಯಬಾರದು.
* ಕ್ಷಣದಲ್ಲಿ ಅಂಟುವ ಗಮ್ ಅವಸರಕ್ಕೆ ಸರಿ ಅನಿಸ್ತದ. ಆದರೆ ಅದರ ಆವಿ ಸುತ್ತ ಬಿಳಿ ಮಬ್ಬು ಬಿಡುತ್ತದೆ, ಅಂಟು ಪೆಡಸಾಗಿ ಒಂದು ಏಟಿಗೆ ಬಿಡುತ್ತದೆ.
* ಬೋಗಿ, ಕೊಂಡಿಯ ಜಾರುವಂಥ ಪ್ಲಾಸ್ಟಿಕ್‌ಗೆ ಸಾಮಾನ್ಯ ಅಂಟು ಹಿಡಿಯಂಗಿಲ್ಲ. ಅದು ಮುರಿದರೆ ಬದಲಿ ಭಾಗವೇ ದಾರಿ.

ಬಣ್ಣ ಹಚ್ಚಬೇಕೋ ಬ್ಯಾಡೋ?

ಇಲ್ಲಿ ನಮ್ಮ ಜಿಲ್ಲೆಯ ಕಿನ್ನಾಳದ ಉದಾಹರಣೆ ಸಾಕು. ಕಿನ್ನಾಳದ ಚಿತ್ರಗಾರರು ಹಗುರ ಕಟ್ಟಿಗೆ ಕೆತ್ತಿ, ಗೋಣಿ ಚೂರು, ಹುಣಸೆ ಬೀಜದ ಅಂಟು ಕೂಡಿಸಿದ 'ಕಿಟ್ಟ'ದಿಂದ ಸಂದು ತುಂಬಿ, ಅದರ ಮೇಲೆ ಬಣ್ಣ ಕೊಡುತ್ತಾರೆ. ಈ ಕಲೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಹಳೇ ಕಿನ್ನಾಳ ಗೊಂಬೆಗೆ ಅಂಗಡಿ ಎನಾಮೆಲ್ ಬಳಿದರೆ ಅದು ಕಿನ್ನಾಳದ್ದು ಅಂತ ಗುರುತು ಹಿಡಿಯೋದೇ ಕಷ್ಟ. ಗೆರೆ, ಮೆರುಗು, ಮಾಡಿದವರ ಕೈ ಎಲ್ಲ ಅಡಿಗೆ ಹೋಗುತ್ತದೆ. ಆಟದ ಡಬ್ಬಿಗೂ ಇದೇ ಮಾತು.

ಮೂಲ ಬಣ್ಣ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಹಂಗೇ ಬಿಡಿ. ಒಂದೆರಡು ಕಡೆ ಚಕ್ಕೆ ಎದ್ದಿದ್ದರೆ ಅಷ್ಟಕ್ಕೇ ಸಣ್ಣ ಬ್ರಷ್‌ನಿಂದ ನೀರಿನಲ್ಲಿ ಕರಗುವ ಬಣ್ಣ ಮುಟ್ಟಿಸಬಹುದು, ಮುಂದೆ ಒರೆಸಿ ತೆಗೆಯಲು ಬರುತ್ತದೆ. ಹಿಂದೆಯೇ ಯಾರೋ ಪೂರ್ತಿ ಬಳಿದು ಕೆಡಿಸಿದ ಡಬ್ಬಿ, ಅಕ್ಷರವೇ ಉಳಿಯದ ಡಬ್ಬಿ, ಇಂಥವಕ್ಕೆ ಮಾತ್ರ ಹೊಸ ಬಣ್ಣ. ಆಗಲೂ ತಳದಲ್ಲಿ ಬಣ್ಣ ಹಚ್ಚಿದ ವರ್ಷ ಸಣ್ಣಗೆ ಬರೆದಿಡಿ. ಕೊಳ್ಳುವವರಿಗೆ ಮೋಸ ಆಗಬಾರದು.

ಎಚ್ಚರಿಕೆ: ಹಳೇ ಬಣ್ಣದಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆ ಬಣ್ಣಕ್ಕೆ ಸೀಸದ ಮಿತಿ 90 ಪಿಪಿಎಂ ಅನ್ನೋ ನಿಯಮ ಬಂದದ್ದೇ 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಹಂಗಾಗಿ ಹಳೇ ಬಣ್ಣ ಉಜ್ಜಿ ಪುಡಿ ಮಾಡಬೇಡಿ, ಸಣ್ಣ ಮಕ್ಕಳ ಕೈಗೆ, ಬಾಯಿಗೆ ಕೊಡಬೇಡಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂಡಿ. ಹಳೇ ಡಬ್ಬಿ ಶೋಕೇಸಿಗೆ, ಆಟಕ್ಕೆ ಹೊಸದು.

ವಾಸಿಯಾಗದ ರೋಗ ಒಂದಿದೆ

ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಕೆಲವು ಎರಕದ ಭಾಗಗಳು ತಾವಾಗಿಯೇ ಉಬ್ಬಿ, ಸಣ್ಣ ಸಣ್ಣ ಬಿರುಕು ಬಿಟ್ಟು, ಕೊನೆಗೆ ಬಿಸ್ಕತ್ತಿನಂಗ ಪುಡಿಯಾಗುತ್ತವೆ. ಗಾಲಿಗಳಲ್ಲಿ ಇದು ಜಾಸ್ತಿ. ಸತುವಿನ ಮಿಶ್ರಲೋಹದಲ್ಲಿ ಸೀಸ ಮುಂತಾದ ಕಲ್ಮಶ ಸೇರಿದ್ದೇ ಕಾರಣ. ಸೆಕೆ ಮತ್ತು ತೇವ ಇದ್ದರೆ ಬೇಗ ಹಬ್ಬುತ್ತದೆ. ಇದಕ್ಕೆ ಮದ್ದಿಲ್ಲ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಅಂಟುವ ರೋಗವೂ ಅಲ್ಲ. ಮಾಡಬಹುದಾದದ್ದು ಇಷ್ಟೇ: ಆ ಡಬ್ಬಿ ಓಡಿಸದೆ, ಗಾಲಿ ಮೇಲೆ ಭಾರ ಬೀಳದಂಗ ಅಡಿಗೆ ಆಸರೆ ಕೊಟ್ಟು ಇಡೋದು, ಬೇಕಿದ್ದರೆ ಬದಲಿ ಗಾಲಿ ಹಾಕಿ ಹಳೇದನ್ನ ಚೀಲದಲ್ಲಿ ಇಡೋದು. ಗಾಲಿ ಉಬ್ಬಿದ್ದನ್ನ ಸುತ್ತಿಗೆಯಿಂದ ಬಡಿದು ಸರಿ ಮಾಡಾಕ ಹೋದರೆ ಅಲ್ಲೇ ಪುಡಿ.

ಎಲ್ಲಿ ಇಡಬೇಕು

ತಗಡಿನ ಶೀಟಿನ ಕೆಳಗಿನ ಅಟ್ಟ ಎಲ್ಲಕ್ಕಿಂತ ಕೆಟ್ಟ ಜಾಗ. ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಶೀಟಿನ ಕೆಳಗೆ ಅದಕ್ಕಿಂತ ಹೆಚ್ಚು. ಪ್ಲಾಸ್ಟಿಕ್ ಡಬ್ಬಿ ಮೆತ್ತಗಾಗಿ ಬಾಗುತ್ತದೆ. ಮಾಳಿಗೆ ಮನೆಯ ಒಳಕೋಣೆ, ಗೋಡೆಗೆ ತಾಗದ ಕಪಾಟು ಒಳ್ಳೇದು.

ಸುತ್ತಿಡಲು ಬಿಳಿ ಹತ್ತಿ ಬಟ್ಟೆ ಅಥವಾ ಬಿಳಿ ಟಿಶ್ಯೂ ಬಳಸಿ. ನ್ಯೂಸ್ ಪೇಪರಿನ ಮಸಿ ಹತ್ತುತ್ತದೆ. ರಬ್ಬರ್ ಬ್ಯಾಂಡ್ ಕರಗಿ ಅಂಟುತ್ತದೆ. ಸ್ಪಂಜು ವರ್ಷಗಳ ನಂತರ ಪುಡಿಯಾಗಿ ಬಣ್ಣಕ್ಕೆ ಕಚ್ಚುತ್ತದೆ. ಮೆತ್ತನೆಯ ಪಿವಿಸಿ ಹಾಳೆಯಿಂದಲೂ ಗಟ್ಟಿ ಪ್ಲಾಸ್ಟಿಕ್ ಮೇಲೆ ಕಲೆ ಬೀಳುತ್ತದೆ. ಜಿರಳೆಗೆ ಅಂತ ಹಾಕುವ ಡಾಂಬರ್ ಗುಳಿಗೆಯ ಆವಿ ಕೆಲವು ಪ್ಲಾಸ್ಟಿಕ್ ಮೆತ್ತಗೆ ಮಾಡುತ್ತದೆ, ಪೆಟ್ಟಿಗೆಯಲ್ಲಿ ಅದು ಬ್ಯಾಡ. ಡಬ್ಬಿಯನ್ನು ಗಾಲಿ ಮೇಲೆ ನಿಲ್ಲಿಸದೆ ಮಗ್ಗಲಾಗಿ ಮಲಗಿಸಿದರೆ ಅಚ್ಚಿನ ಮೇಲೆ ಭಾರ ಬೀಳಂಗಿಲ್ಲ.

ಅಂಗಡಿಯವರು, ಗುಜರಿಯವರು ಗಮನಿಸಬೇಕಾದದ್ದು

ಕಿಲೋ ಲೆಕ್ಕದಲ್ಲಿ ಬಂದ ತಗಡಿನಲ್ಲಿ ಆಟಿಕೆ ರೈಲು ಕಂಡರೆ ಬೇರೆ ಎತ್ತಿಡಿ. ಒಂದು ತಗಡಿನ ಡಬ್ಬಿ ಕೆಲವು ನೂರು ಗ್ರಾಂ ಇದ್ದರೆ ಹೆಚ್ಚು, ಗುಜರಿ ದರದಲ್ಲಿ ಅದರಿಂದ ಚಾ ಕುಡಿಯುವಷ್ಟು ರೊಕ್ಕವೂ ಹುಟ್ಟಂಗಿಲ್ಲ. ಸಂಗ್ರಹಕಾರರು ತೂಕ ನೋಡೋದಿಲ್ಲ, ಮೂಲ ಬಣ್ಣ, ಪೂರ್ತಿ ಭಾಗಗಳು, ಪೆಟ್ಟಿಗೆ ಈ ಮೂರನ್ನು ನೋಡುತ್ತಾರೆ.

ಬೆಲೆ ತಿಳಿಯಲು ಇಂಟರ್ನೆಟ್‌ನಲ್ಲಿ ಹುಡುಕುವಾಗ 'ಕೇಳಿದ ಬೆಲೆ' ನಂಬಬೇಡಿ. 'ಮಾರಾಟವಾದ ಬೆಲೆ' ನೋಡಿ. ಯಾರು ಬೇಕಾದರೂ ಲಕ್ಷ ಅಂತ ಬರೆಯಬಹುದು, ಕೊಂಡವರು ಎಷ್ಟು ಕೊಟ್ಟರು ಅನ್ನೋದೇ ಬೆಲೆ. ಹಳೇದೆಲ್ಲ ದುಬಾರಿ ಅಲ್ಲ, ಲಕ್ಷಾಂತರ ತಯಾರಾದ ಪ್ಲಾಸ್ಟಿಕ್ ಡಬ್ಬಿಗೆ ಬೆಲೆ ಕಡಿಮೆಯೇ. ಮಾರುವ ಮುಂಚೆ ತೊಳೆದು ಪಾಲಿಶ್ ಮಾಡಬೇಡಿ. ಧೂಳು ಇರುವ ಮೂಲ ಡಬ್ಬಿಗೆ, ಹೊಳೆಯುವ ಕೆಟ್ಟ ಡಬ್ಬಿಗಿಂತ ಗಿರಾಕಿ ಹೆಚ್ಚು.

ಯಾವ ಊರು, ಯಾವ ಕಾಲದ್ದು, ಮನೆಗೆ ಹೆಂಗ ಬಂತು ಅಂತ ಮನೆ ಹಿರಿಯರಿಗೆ ಗೊತ್ತಿದ್ದರೆ ಒಂದು ಚೀಟಿಯಲ್ಲಿ ಬರೆದು ಡಬ್ಬಿ ಜೊತೆ ಇಡಿ. ಹಿರಿಯರು ಇರುವಾಗಲೇ ಆಗಬೇಕಾದ ಕೆಲಸ ಇದು.

ನೋಡಿ ತಿಳಿಯಬೇಕಂದ್ರ

* ಹುಬ್ಬಳ್ಳಿ ರೈಲ್ವೆ ಮ್ಯೂಸಿಯಂ: 2020ರಲ್ಲಿ ಶುರುವಾಯಿತು. ಉತ್ತರ ಕರ್ನಾಟಕದ ಮೊದಲ ರೈಲು ಮ್ಯೂಸಿಯಂ. ಕೊಪ್ಪಳದಿಂದ ನೇರ ರೈಲಿದೆ.
* ಮೈಸೂರು ರೈಲ್ವೆ ಮ್ಯೂಸಿಯಂ: 1979ರದ್ದು. ದೆಹಲಿಯ ರಾಷ್ಟ್ರೀಯ ಮ್ಯೂಸಿಯಂ ನಂತರ ದೇಶದಲ್ಲಿ ಎರಡನೇದು. ಮೈಸೂರು ಮಹಾರಾಣಿಯವರ 1899ರ ಸಲೂನ್ ಇಲ್ಲಿದೆ.
* ಪುಣೆಯ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ: 1998ರಲ್ಲಿ ತೆರೆದದ್ದು. ಮಾದರಿ ರೈಲುಗಳು ಓಡುವುದನ್ನೇ ಇಲ್ಲಿ ನೋಡಬಹುದು.

ಒಂದು ನೋಟದಲ್ಲಿ

* ಮೊದಲು ಫೋಟೋ, ಆಮೇಲೆ ಬ್ರಷ್, ನೀರು ಬೇಕಿದ್ದರೆ ಮಾತ್ರ.
* ತಗಡು ನೀರಿಗೆ ಅದ್ದಬ್ಯಾಡ್ರಿ. ಪ್ಲಾಸ್ಟಿಕ್‌ಗೆ ಥಿನ್ನರ್, ಪೆಟ್ರೋಲ್ ಮುಟ್ಟಿಸಬ್ಯಾಡ್ರಿ.
* ಅಕ್ಷರದ ಮೇಲೆ ಕೈ ಬ್ಯಾಡ, ಬಣ್ಣ ಬ್ಯಾಡ.
* ಬಿಚ್ಚಿದ ಭಾಗ ಒಗೀಬ್ಯಾಡ್ರಿ, ಚೀಟಿ ಬರೆದು ಕೂಡಿಡ್ರಿ.
* ಅನುಮಾನ ಬಂದರೆ ಏನೂ ಮಾಡದೆ ಒಣ ಜಾಗದಲ್ಲಿ ಇಡ್ರಿ. ಇವತ್ತು ಮಾಡದ ಕೆಲಸ ನಾಳೆ ಮಾಡಬಹುದು, ಉಜ್ಜಿ ತೆಗೆದ ಬಣ್ಣ ತಿರುಗಿ ಬರಂಗಿಲ್ಲ.